ತಂಪಿನಲ್ಲಿಡತಕ್ಕದ್ದು

ಅಂಗೈಯಗಲದ ಒಂದು ಡಬ್ಬಿ ಇಡೀ ಕಚೇರಿಯನ್ನು ಕುಣಿಸಬಹುದು ಎಂದು ಯಾರಾದರೂ ಹೇಳಿದ್ದರೆ ಚೀಟಿ ಅಕ್ಕ ನಂಬುತ್ತಿರಲಿಲ್ಲ. ಆ ದಿನ ಬೆಳಗ್ಗೆ ಎಂಟೂವರೆಗೆ ಕೊರಿಯರಿನವನು ಬಾಗಿಲಲ್ಲಿ ನಿಂತು ಸಹಿ ಕೇಳಿದಾಗ ಅವಳಿಗಾದದ್ದು ಬರೀ ಖುಷಿ. ಮೂರು ವಾರದಿಂದ ಕಾದು ಕಾದು, ಇವತ್ತೂ ಬರದಿದ್ದರೆ ಗತಿಯೇನು ಎಂದು ರಾತ್ರಿಯೆಲ್ಲ ಹೊರಳಾಡಿದ್ದಳು. ಚಪ್ಪಲಿ ಮೆಟ್ಟಿ ಹೊರಟವಳು ಅಲ್ಲೇ ಹೊಸಿಲ ಮೇಲೆ ನಿಂತು ಪೊಟ್ಟಣವನ್ನು ಹಲ್ಲಿನಲ್ಲೇ ಹರಿದಳು.

ಮುಚ್ಚಳ ತೆರೆದರೆ ಒಳಗೆ ಸಾಲಾಗಿ ಹನ್ನೆರಡು ಪುಟ್ಟ ಬಿಲ್ಲೆಗಳು. ತಿಳಿ ನೀಲಿ, ಬೂದು ನೀಲಿ, ಬೆಳ್ಳಿ, ತೆಳು ನೇರಳೆ, ಗಾಢ ನೇರಳೆ. ಕಣ್ಣಿನ ರೆಪ್ಪೆಗೆ ಹಚ್ಚುವ ಬಣ್ಣ.

"ರೀ! ಬಂತು ರೀ! ನೋಡಿ ಇಲ್ಲಿ!"

ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಗಂಡ ತಲೆಯೆತ್ತಿ ನೋಡಿದ. "ಎಲ್ಲಾ ಒಂದೇ ಥರ ಇದ್ಯಲ್ಲೇ?"

"ಒಂದೇ ಥರಾನಾ! ಇದು ಬೂದು, ಇದು ಬೂದೀಲಿ ಒಂಚೂರು ನೀಲಿ, ಇದು ನೀಲೀಲಿ ಒಂಚೂರು ಬೂದು!"

"ಹಾಗಾದ್ರೆ ಸರಿ" ಎಂದು ಅವನು ಮತ್ತೆ ಅಂಗಿಯ ಕಾಲರಿಗೆ ತಿರುಗಿದ. ಹದಿನೇಳು ವರ್ಷ ಸಂಸಾರ ಮಾಡಿದ ಗಂಡಸಿಗೆ ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಿರುತ್ತದೆ.

ಬಣ್ಣದ ವಿಷಯದಲ್ಲಿ ಅವಳೊಡನೆ ವಾದಿಸಿ ಗೆದ್ದವರಿಲ್ಲ. ಊರಿನ ದೊಡ್ಡ ಬಸ್ ನಿಲ್ದಾಣದ ಮೂಲೆಯಲ್ಲಿ, ಬಸ್ಸಿನಲ್ಲಿ ಜನ ಮರೆತುಹೋದ ಸಾಮಾನುಗಳನ್ನು ಇಟ್ಟುಕೊಳ್ಳುವ ಒಂದು ಕಚೇರಿ ಇದೆ. ಅಲ್ಲಿ ಹದಿನಾಲ್ಕು ವರ್ಷದಿಂದ ಅವಳದು ಒಂದೇ ಕೆಲಸ. ಸಿಕ್ಕ ಪ್ರತಿಯೊಂದು ಸಾಮಾನಿಗೂ ಅದರ ಗುರುತು ಬರೆದ ಚೀಟಿ ಕಟ್ಟುವುದು. ಕಳೆದುಕೊಂಡವರು ಬಂದು ಹೇಳುವ ಗುರುತಿಗೂ ಚೀಟಿಯಲ್ಲಿರುವ ಗುರುತಿಗೂ ತಾಳೆಯಾದರೆ ಮಾತ್ರ ಸಾಮಾನು ಕೈಗೆ. ಬೇರೆಯವರಾಗಿದ್ದರೆ 'ನೀಲಿ ಕೊಡೆ' ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಇವಳು 'ಬಿಸಿಲಿಗೆ ಬಿಳಿಚಿದ ನೀಲಿ, ಮಡಿಕೆಯೊಳಗೆ ಮಾತ್ರ ಹಳೆಯ ಕಡುನೀಲಿ' ಎಂದು ಬರೆಯುವಳು. "ಚೀಟೀಲಿ ಕವಿತೆ ಬೇಡ" ಎಂದು ಸೂಪರಿಂಟೆಂಡೆಂಟರು ಎರಡು ಸಲ ಹೇಳಿ ಬಿಟ್ಟಿದ್ದರು. ಹೀಗೆ ಅವಳಿಗೆ ಚೀಟಿ ಅಕ್ಕ ಎಂಬ ಹೆಸರೇ ಗಟ್ಟಿಯಾಗಿತ್ತು.

ಇಂಥ ಕಣ್ಣುಳ್ಳವಳಿಗೆ ಕಣ್ಣಿನದೇ ಕೊರಗು. ಕಚೇರಿಯ ಮುಂಭಾಗದಲ್ಲಿ 'ನಮ್ಮ ಸಿಬ್ಬಂದಿ' ಎಂಬ ದೊಡ್ಡ ಬೋರ್ಡು. ಅದರಲ್ಲಿ ಎಲ್ಲರ ಫೋಟೋ. ಒಂಬತ್ತು ವರ್ಷದ ಹಿಂದೆ ಆ ಫೋಟೋ ತೆಗೆಯುವಾಗ ಫ್ಲಾಶ್ ಮಿಂಚಿದ್ದೂ ಚೀಟಿ ಅಕ್ಕ ರೆಪ್ಪೆ ಬಡಿದದ್ದೂ ಒಂದೇ ಗಳಿಗೆ. ಅಂದಿನಿಂದ ಅವಳು ಆ ಬೋರ್ಡಿನಲ್ಲಿ ಕಣ್ಣು ಮುಚ್ಚಿಕೊಂಡೇ ಇದ್ದಾಳೆ. ಬಂದ ಪ್ರಯಾಣಿಕರೆಲ್ಲ "ಇವ್ರು ಎದ್ದ ಮೇಲೆ ಬರೋಣ ಬಿಡಿ" ಎಂದು ನಗುವುದು, ಒಳಗೆ ಕೂತು ಚೀಟಿ ಬರೆಯುವವಳಿಗೆ ಅದು ಕೇಳಿಸುವುದು. ಒಂಬತ್ತು ವರ್ಷ! ನಕ್ಕು ಬಿಟ್ಟಂತೆ ತೋರಿಸಿದರೂ ಅವಳಿಗೆ ಪ್ರತಿ ಸಲವೂ ಚುರುಕ್ಕೆನ್ನುತ್ತಿತ್ತು.

ಇವತ್ತು ಮಧ್ಯಾಹ್ನ ಮೂರಕ್ಕೆ ಫೋಟೋಗ್ರಾಫರ್ ಬರುತ್ತಾನೆ. ಹೊಸ ಬೋರ್ಡು, ಹೊಸ ಫೋಟೋ. ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವ ತಂಗಿ ಮೊದಲೇ ಹೇಳಿಕೊಟ್ಟಿದ್ದಳು. "ಅಕ್ಕಾ, ನಿನ್ನ ಮುಖಕ್ಕೆ ಕೂಲ್ ಟೋನೇ ಸರಿ. ನೀಲಿ, ಬೂದು, ನೇರಳೆ, ಹೀಗೆ ತಂಪು ಬಣ್ಣ ಹಚ್ಕೋ. ಬೋರ್ಡಲ್ಲಿ ಎಲ್ಲರಿಗಿಂತ ಮೊದ್ಲು ನಿನ್ನ ಕಣ್ಣೇ ಕಾಣ್ಬೇಕು."

ಬಸ್ಸಿನಲ್ಲಿ ಕೂತು ಅವಳು ಡಬ್ಬಿಯನ್ನು ಏಳು ಸಲ ತೆರೆದು ನೋಡಿದಳು. ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸಿಗೂ ತೋರಿಸಿದಳು.

ಊಟದ ವಿರಾಮದಲ್ಲಿ ಒಂದು ತುತ್ತೂ ಇಳಿಯಲಿಲ್ಲ. ಓಣಿಯ ಕೊನೆಯಲ್ಲಿ ಕೈ ತೊಳೆಯುವ ಬೇಸಿನ್ನು, ಅದರ ಮೇಲೆ ಮೂಲೆ ಒಡೆದ ಕನ್ನಡಿ, ಪಕ್ಕದಲ್ಲಿ ಕಿಟಕಿ. ಬೆಳಕು ಅಲ್ಲೇ ಚೆನ್ನ. ಫೋನನ್ನು ನಲ್ಲಿಗೆ ಆನಿಸಿಟ್ಟು ತಂಗಿಗೆ ವಿಡಿಯೋ ಕರೆ ಮಾಡಿದಳು.

"ಮೊದ್ಲು ಬಲಗಣ್ಣು" ಎಂದಳು ತಂಗಿ. "ರೆಪ್ಪೆ ಮಧ್ಯಕ್ಕೆ ಆ ತೆಳು ನೇರಳೆ. ಒತ್ಬೇಡ, ತಟ್ಟು. ಮೂಲೆಗೆ ಬೂದು. ಒಳಗಡೆ ಒಂದೇ ಒಂದು ಚುಕ್ಕಿ ಬೆಳ್ಳಿ. ಈಗ ಬ್ರಷ್ಷಲ್ಲಿ ಹಾಗೇ ಬೆರೆಸು, ಗೆರೆ ಕಾಣ್ಬಾರ್ದು."

ಬೆರೆಸಿ, ತಲೆ ಹಿಂದೆ ಮಾಡಿ ನೋಡಿದವಳು ಹಾಗೇ ನಿಂತುಬಿಟ್ಟಳು. ಅವಳ ಬಲಗಣ್ಣು ಮೊದಲ ಸಲ ಯಾರೋ ದೀಪ ಹಚ್ಚಿದ ಕೋಣೆಯಂತೆ ಕಾಣುತ್ತಿತ್ತು. "ಅಯ್ಯೋ, ಇದು ನಂದೇ ಕಣ್ಣೇನೇ!" ಎಂದು ಕೂಗಿದಳು. ಅತ್ತ ತಂಗಿಯೂ ಕೂಗಿದಳು. ಪಾರ್ಲರಿನಲ್ಲಿ ತಲೆಗೂದಲಿಗೆ ಬಣ್ಣ ಹಾಕಿಸಿಕೊಳ್ಳುತ್ತಿದ್ದ ಗಿರಾಕಿಯೂ ಕೂಗಿದಳಂತೆ.

ಅಷ್ಟರಲ್ಲಿ ಕೌಂಟರಿನ ಗಂಟೆ ಕೇಳಿಸಿತು. ಯಾರೋ ಕಳೆದ ಕೊಡೆ ಕೇಳಿಕೊಂಡು ಬಂದಿದ್ದರು. "ಐದೇ ನಿಮಿಷ, ಬಂದೆ" ಎಂದು ಫೋನು ಎತ್ತಿಕೊಂಡು ಓಡಿದಳು. ಡಬ್ಬಿ ಕಿಟಕಿಯ ಕಟ್ಟೆಯ ಮೇಲೇ ಉಳಿಯಿತು.

ಕೊಡೆಯವರು ತಮ್ಮ ಕೊಡೆ ಕಪ್ಪು ಎನ್ನುವುದು ಬಿಟ್ಟು ಬೇರೇನೂ ಹೇಳಲೊಲ್ಲರು. ಗೋದಾಮಿನಲ್ಲಿ ಕಪ್ಪು ಕೊಡೆ ಅರವತ್ತಮೂರಿದ್ದವು. ಒಂದೊಂದನ್ನೂ ಬಿಡಿಸಿ ತೋರಿಸಿ ಕಳಿಸುವ ಹೊತ್ತಿಗೆ ಇಪ್ಪತ್ತೈದು ನಿಮಿಷ. ಓಣಿಗೆ ಓಡಿ ಬಂದರೆ ಕಟ್ಟೆ ಖಾಲಿ. ಬೇಸಿನ್ನಿನ ಕೆಳಗೆ ನೋಡಿದಳು, ಕಸದ ಬುಟ್ಟಿ ತಡಕಿದಳು.

"ಇಲ್ಲೊಂದು ಡಬ್ಬಿ ಇತ್ತು, ನೋಡಿದ್ರಾ?" ಎಂದು ಕೇಳಿದ್ದು ಹೊಸ ಗುಮಾಸ್ತರನ್ನು. ಐವತ್ತು ದಾಟಿದ ಮನುಷ್ಯ. ಟಿಕೆಟ್ ವಿಭಾಗದಿಂದ ವರ್ಗವಾಗಿ ಬಂದು ಅಂದಿಗೆ ಮೂರನೆಯ ದಿನ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ಇವರು ಎರಡು ದಿನದಲ್ಲಿ ಆಫೀಸಿನದೇ ಕತ್ತರಿಗೂ ಕುರ್ಚಿಗೂ ಚೀಟಿ ಕಟ್ಟಿ ಬೈಸಿಕೊಂಡಿದ್ದರು.

"ನೋಡೋದೇನು, ದಾಖಲೆ ಮಾಡೇ ಬಿಟ್ಟೆ!" ಎಂದು ಅವರ ಮುಖ ಅರಳಿತು. "ಇವತ್ತು ಸರಿಯಾದ ಮಾಲು ಸಿಕ್ತು ನೋಡಿ. ನಂದು ಮೊದಲ್ನೇ ಎಂಟ್ರಿ. ಓದಿ, ನಿಮ್ಮ ಥರಾನೇ ಬರ್ದಿದೀನಿ."

ರಿಜಿಸ್ಟರಿನಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿತ್ತು: 'ಮಿಠಾಯಿ ಡಬ್ಬಿ ಒಂದು. ಬಣ್ಣಬಣ್ಣದ ಹನ್ನೆರಡು ತುಂಡು. ಮೂರು ತುಂಡು ಸ್ವಲ್ಪ ಸವೆದಿದೆ, ಯಾರೋ ನೆಕ್ಕಿರುವ ಶಂಕೆ. ತಿನ್ನಲು ಪುಟ್ಟ ಬ್ರಷ್ ಸಹಿತ. ತಂಪಿನಲ್ಲಿಡತಕ್ಕದ್ದು.'

"ಮಿಠಾಯಿ!" ಚೀಟಿ ಅಕ್ಕನ ಧ್ವನಿ ಕೀರಲಾಯಿತು. "ಯಾರಾದ್ರೂ ಬ್ರಷ್ಷಲ್ಲಿ ಮಿಠಾಯಿ ತಿಂತಾರೇನ್ರೀ?"

"ನಂಗೂ ಅದೇ ಸೋಜಿಗ ಆಯ್ತು. ಆದ್ರೆ ಮುಚ್ಚಳದ ಮೇಲೆ ಕೂಲ್ ಅಂತ ದೊಡ್ಡದಾಗಿ ಬರ್ದಿದೆ. ತುಂಡುಗಳ ಕೆಳಗೆ ಐಸ್, ಬೆರ್ರಿ, ಗ್ರೇಪ್ ಅಂತ ಇದೆ. ಮತ್ತಿನ್ನೇನು? ತಕ್ಷಣ ಗೋದಾಮಿನ ಫ್ರಿಜ್ಜಲ್ಲಿ ಇಡ್ಸಿದೆ. ಕರಗಿ ಹೋದ್ರೆ ಯಾರು ಜವಾಬ್ದಾರಿ?" ಎಂದು ಹೇಳಿ, ಆಗ ಅವಳ ಮುಖ ನೋಡಿ, "ನಿಮ್ಮ ಒಂದು ಕಣ್ಣಿಗೆ ನೆರಳು ಬಿದ್ದಿದೆ, ಸ್ವಲ್ಪ ಈಚೆ ಬನ್ನಿ" ಎಂದರು.

ಚೀಟಿ ಅಕ್ಕ ನೇರವಾಗಿ ಸೂಪರಿಂಟೆಂಡೆಂಟರ ಕೋಣೆಗೆ ನುಗ್ಗಿದಳು. ಗಡಿಯಾರದಲ್ಲಿ ಎರಡು ಗಂಟೆ.

"ಸಾರ್, ಫ್ರಿಜ್ಜಲ್ಲಿರೋ ಡಬ್ಬಿ ನಂದು. ಕೊಡ್ಸಿಬಿಡಿ ಸಾರ್."

"ಎಂಟ್ರಿ ಆಗಿದ್ಯಾ?" ಎಂದರು ಅವರು, ಕನ್ನಡಕ ಸರಿಮಾಡಿಕೊಂಡು. ಕೆಟ್ಟ ಮನುಷ್ಯನಲ್ಲ. ಆದರೆ ಎಂಟ್ರಿ ಆದ ಮೇಲೆ ಅವರ ಸ್ವಂತ ಚಪ್ಪಲಿಯಾದರೂ ಅರ್ಜಿಯಿಲ್ಲದೆ ಮೆಟ್ಟುವವರಲ್ಲ. "ಹಾಗಾದ್ರೆ ಅರ್ಜಿ ಬರೀರಿ. ನಿಯಮ ಎಲ್ಲರಿಗೂ ಒಂದೇ. ಈ ನಿಯಮ ಬರ್ದಿದ್ದು ಯಾರಮ್ಮ?"

ಗೋಡೆಯ ಮೇಲಿನ ಫಲಕವನ್ನು ಚೀಟಿ ಅಕ್ಕ ನೋಡಲೇ ಬೇಕಾಗಲಿಲ್ಲ. 'ಕಚೇರಿಯ ಆವರಣದಲ್ಲಿ ವಾರಸುದಾರರಿಲ್ಲದೆ ಹತ್ತು ನಿಮಿಷ ಬಿದ್ದಿರುವ ಯಾವುದೇ ವಸ್ತುವನ್ನು ದಾಖಲಿಸತಕ್ಕದ್ದು. ತಿನ್ನುವ ವಸ್ತುವಾದರೆ ಎರಡು ಗಂಟೆಯ ನಂತರ ವಿಲೇವಾರಿ ಮಾಡತಕ್ಕದ್ದು.' ಕೆಳಗೆ ಅವಳದೇ ಸಹಿ. "ನಾನೇ ಸಾರ್" ಎಂದಳು ಸಣ್ಣ ದನಿಯಲ್ಲಿ. ಮಾಡಿದ್ದುಣ್ಣೋ ಮಹಾರಾಯ ಎನ್ನುವ ಗಾದೆ ಮಹಾರಾಯ್ತಿಯರಿಗೂ ಅನ್ವಯಿಸುತ್ತದೆ.

ಅರ್ಜಿಯಲ್ಲಿ ಗುರುತಿನ ಅಂಕಣಕ್ಕೆ ಬಂದದ್ದೇ ತಡ, ಅವಳು ಇರುವ ಅವಸರವನ್ನೂ ಮರೆತಳು. 'ಒಂದನೆಯದು, ಹಾಲಿನ ಕೆನೆಯೊಳಗಿನ ನೀಲಿ. ಎರಡನೆಯದು, ಮಳೆ ನಿಂತ ಮೇಲಿನ ರಸ್ತೆಯ ಬೂದು. ಮೂರನೆಯದು, ಪಾರಿವಾಳದ ಕತ್ತಿನದು, ತಿರುಗಿದಾಗ ನೇರಳೆ...' ಹನ್ನೆರಡನ್ನೂ ಬರೆದು ಮುಗಿಸುವಾಗ ಎರಡೂಕಾಲು ಗಂಟೆ.

ಸೂಪರಿಂಟೆಂಡೆಂಟರು ಅರ್ಜಿಯನ್ನೂ ರಿಜಿಸ್ಟರನ್ನೂ ಪಕ್ಕಪಕ್ಕ ಇಟ್ಟು ಬೆರಳಿನಿಂದ ಸಾಲು ಹಿಡಿದು ಓದಿದರು. "ತಾಳೆ ಆಗಲ್ಲಮ್ಮ. ನೀವು ಕೇಳ್ತಿರೋದು ಕಣ್ಣಿನ ಬಣ್ಣ. ನಮ್ಮ ಹತ್ರ ಇರೋದು ಮಿಠಾಯಿ."

"ಅದೇ ಇದು ಸಾರ್! ಬೇಕಾದ್ರೆ ಮಿಠಾಯಿ ಅಂತಾನೇ ತಿದ್ಕೊಡ್ತೀನಿ!"

"ಅಂದ್ರೆ ಸುಳ್ಳು ಅರ್ಜಿ ಕೊಡ್ತೀರಿ?"

"ಅಯ್ಯೋ ದೇವರೇ! ನನ್ನ ಮುಖ ನೋಡಿ ಸಾರ್!" ಎಂದು ಅವಳು ಮೇಜಿನ ಮೇಲೆ ಬಗ್ಗಿ ಬಲಗಣ್ಣು ಮುಚ್ಚಿದಳು. ಅವರು ಬೆಚ್ಚಿ ಕುರ್ಚಿ ಹಿಂದೆ ಸರಿಸಿದರು. ಮೂವತ್ತು ವರ್ಷದ ಸರ್ವೀಸಿನಲ್ಲಿ ಯಾವ ಕೈಕೆಳಗಿನವರೂ ಅವರಿಗೆ ಕಣ್ಣು ಹೊಡೆದಿರಲಿಲ್ಲ. "ಸಾಕ್ಷಿ ಸಾರ್! ಡಬ್ಬೀಲಿ ಸವೆದಿರೋ ಮೂರು ಬಣ್ಣ ಇಲ್ಲಿದೆ ನೋಡಿ! ಇದಕ್ಕೂ ಅದಕ್ಕೂ ತಾಳೆ ನೋಡಿ!"

ತಾಳೆ ಎಂಬ ಮಾತು ಕೇಳಿದ ಕೂಡಲೆ ಅವರಿಗೆ ಹುರುಪು ಬಂತು. ಇಂಥ ತಾಳೆ ಈ ಕಚೇರಿಯ ಇತಿಹಾಸದಲ್ಲೇ ಆಗಿರಲಿಲ್ಲ. ಭೂತಗನ್ನಡಿ ಹಿರಿದುಕೊಂಡು, ಹೊಸ ಗುಮಾಸ್ತರನ್ನು ಸಾಕ್ಷಿಗೆ ಕರೆದುಕೊಂಡು, ಮೂವರೂ ಗೋದಾಮಿಗೆ ಹೊರಟರು. ಚೀಟಿ ಅಕ್ಕ ಮುಂದೆ ಮುಂದೆ ಓಡುತ್ತಿದ್ದಳು. ಇನ್ನೂ ಮುಕ್ಕಾಲು ಗಂಟೆ ಇದೆ, ಒಂದು ಕಣ್ಣಿಗೆ ಹತ್ತು ನಿಮಿಷ ಸಾಕು, ಆಗುತ್ತೆ, ಆಗೇ ಆಗುತ್ತೆ!

ಗೋದಾಮಿನ ಬೀಗದ ಕೈ ಇರುವುದು ಬೀಗದ ಮಾವನ ಸೊಂಟದಲ್ಲಿ. ನಿವೃತ್ತಿಗೆ ಆರು ತಿಂಗಳಿದ್ದ ಹಿರಿಯ. ಇಡೀ ಆಫೀಸಿಗೇ ಮಾವ. ಫ್ರಿಜ್ಜಿನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಶಾಂತವಾಗಿ ಕೂತಿದ್ದರು. ಅವರ ತುಟಿ ತೆಳು ನೇರಳೆಯಾಗಿ, ಟ್ಯೂಬ್ ಲೈಟಿನ ಬೆಳಕಿಗೆ ಮಿನುಗುತ್ತಿತ್ತು.

"ಮಾವಾ!" ಎಂದು ಚೀರಿದಳು ಚೀಟಿ ಅಕ್ಕ. "ತಿಂದ್ರಾ?"

"ತಿನ್ನೋದೇನು, ರುಚಿ ನೋಡ್ದೆ" ಎಂದರು ಮಾವ. "ಹೇಗೂ ವಿಲೇವಾರಿ ಮಾಡೋದೇ ತಾನೆ. ನಂಗೆ ಡಾಕ್ಟ್ರು ಸಕ್ಕರೆ ಬೇಡ ಅಂದಿದಾರೆ. ಇದ್ರಲ್ಲಿ ಒಂಚೂರೂ ಸಿಹಿ ಇಲ್ಲಮ್ಮ! ನಮ್ಮಂಥೋರಿಗೇ ಮಾಡಿರೋದು. ಸ್ವಲ್ಪ ಪುಡಿಪುಡಿ, ಸುಣ್ಣ ಕಚ್ಚಿದ ಹಾಗೆ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಅದೂ ತೆಳು ನೇರಳೆಯ ಹೊಲವನ್ನೇ. ಹನ್ನೊಂದು ಬಿಲ್ಲೆ ಇದ್ದವು. ಬಲಗಣ್ಣಿನ ಮೇಲಿದ್ದ ಬಣ್ಣದ ಜಾಗದಲ್ಲಿ ತಗಡಿನ ತಳ ಹೊಳೆಯುತ್ತಿತ್ತು. ಮಾವನಿಗೆ ಏನಾದರೂ ಆದೀತೆಂದು ಸೂಪರಿಂಟೆಂಡೆಂಟರು ಗಾಬರಿಯಾಗಿ ಒಂದು ಬಾಟಲಿ ನೀರು ಕುಡಿಸಿ, ಡಾಕ್ಟರಿಗೆ ಫೋನ್ ಮಾಡಿ, ಏನೂ ಆಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಆಮೇಲೆ ಭೂತಗನ್ನಡಿಯಲ್ಲಿ ಚೀಟಿ ಅಕ್ಕನ ರೆಪ್ಪೆಯನ್ನೂ ಮಾವನ ತುಟಿಯನ್ನೂ ಒಂದಾದ ಮೇಲೊಂದು ನೋಡಿ, "ತಾಳೆ ಆಯ್ತು" ಎಂದು ಘೋಷಿಸಿ ಡಬ್ಬಿ ಬಿಡುಗಡೆ ಮಾಡಿದರು. ಆಗ ಎರಡೂ ಮುಕ್ಕಾಲು.

ಕೈಗೆ ಬಂದದ್ದು ಕಣ್ಣಿಗೆ ಬರಲಿಲ್ಲವಲ್ಲ ಎಂದು ಚೀಟಿ ಅಕ್ಕನಿಗೆ ಅಳು ಉಕ್ಕಿತು. ಅತ್ತರೆ ಬಲಗಣ್ಣೂ ಹೋಗುತ್ತದೆ; ಹಾಗಾಗಿ ಅಳಲೂ ಇಲ್ಲ. ಓಣಿಯ ಕನ್ನಡಿಯ ಮುಂದೆ ನಿಂತು ಕರೆ ಮಾಡಿದರೆ ತಂಗಿ "ಒರೆಸಿ ಹಾಕು, ಎರಡೂ ಕಣ್ಣಿಗೆ ಬರೀ ಬೂದು ಹಚ್ಚು" ಎಂದಳು.

"ಇಲ್ಲ ಕಣೇ" ಎಂದಳು ಚೀಟಿ ಅಕ್ಕ. ಅವಳ ಕಣ್ಣು ಡಬ್ಬಿಯ ಮೇಲೆ ಓಡಾಡುತ್ತಿತ್ತು. ತೆಳು ನೇರಳೆ ಎಂದರೇನು? ಗಾಢ ನೇರಳೆ, ಅದಕ್ಕೆ ಅರ್ಧ ಬೆಳ್ಳಿ, ಒಂಚೂರು ನೀಲಿ. ಬೇಡ, ಅದು ಜಾಸ್ತಿ ತಣ್ಣಗಾಯಿತು, ಬೂದು ಒಂದು ಚಿಟಿಕೆ. ಅಂಗೈ ಹಿಂದೆ ಬೆರೆಸಿದಳು, ಕನ್ನಡಿಯಲ್ಲಿ ಬಲಗಣ್ಣಿನ ಪಕ್ಕಕ್ಕೆ ಹಿಡಿದಳು, ಮತ್ತೆ ಬೆರೆಸಿದಳು. ಹದಿನಾಲ್ಕು ವರ್ಷ ಬಿಳಿಚಿದ ನೀಲಿಗೂ ಬಿಳಿಚುತ್ತಿರುವ ನೀಲಿಗೂ ಬೇರೆ ಬೇರೆ ಚೀಟಿ ಬರೆದದ್ದು ಸುಮ್ಮನೆ ಹೋಗಲಿಲ್ಲ. ನಾಲ್ಕನೆಯ ಸಲಕ್ಕೆ ಬಂದೇಬಿಟ್ಟಿತು! ಹೊಸ ಗುಮಾಸ್ತರು ಪ್ರಾಯಶ್ಚಿತ್ತವೆಂಬಂತೆ ಕನ್ನಡಿಗೆ ಟಾರ್ಚ್ ಹಿಡಿದರು. ಮಾವ ಬ್ರಷ್ ಹಿಡಿದುಕೊಂಡು ನಿಂತರು. ಸೂಪರಿಂಟೆಂಡೆಂಟರು "ಎಡಗಡೆ ಮೂಲೆ ಇನ್ನೂ ಸ್ವಲ್ಪ" ಎಂದು ಹೇಳಿ, ತಾವು ಹಾಗೆ ಹೇಳಿದ್ದಕ್ಕೆ ತಾವೇ ನಾಚಿಕೊಂಡರು. ಎರಡು ಐವತ್ತೇಳಕ್ಕೆ ಎರಡೂ ಕಣ್ಣು ಅವಳಿ ಜವಳಿ.

ಫೋಟೋಗ್ರಾಫರ್ ಬಹಳ ಗಡಿಬಿಡಿಯ ಆಸಾಮಿ. ಅವನ ಬಳಿ ಅಲ್ಲೇ ಫೋಟೋ ಅಚ್ಚುಹಾಕಿ ಕೊಡುವ ಯಂತ್ರವಿತ್ತು. "ಸ್ಟೂಲ್ ಮೇಲೆ ಕೂತ್ಕೊಳ್ಳಿ. ಒಬ್ಬೊಬ್ರಿಗೆ ಒಂದೊಂದೇ" ಎಂದ. ಮಾವನ ತುಟಿ ನೋಡಿ ಏನೋ ಕೇಳಲು ಹೊರಟು, ವಯಸ್ಸಿಗೆ ಮರ್ಯಾದೆ ಕೊಟ್ಟು ಸುಮ್ಮನಾದ. ಚೀಟಿ ಅಕ್ಕನ ಸರದಿ ಬಂತು. ಉಸಿರು ಬಿಗಿ ಹಿಡಿದು, ಎರಡೂ ಕಣ್ಣನ್ನು ಅರಳಿಸಿ ಕೂತಳು. ರೆಪ್ಪೆ ಬಡಿಯಬಾರದು, ಪ್ರಾಣ ಹೋದರೂ ಬಡಿಯಬಾರದು. ಫ್ಲಾಶ್ ಮಿಂಚಿತು. ಕಣ್ಣಲ್ಲಿ ನೀರು ಬಂತು, ರೆಪ್ಪೆ ಮಾತ್ರ ಅಲುಗಲಿಲ್ಲ.

ಯಂತ್ರದಿಂದ ಫೋಟೋ ಇಂಚಿಂಚಾಗಿ ಹೊರಬಂತು. ಕಣ್ಣು ತೆರೆದಿತ್ತು! ಒಂಬತ್ತು ವರ್ಷದ ಮೇಲೆ ತೆರೆದಿತ್ತು! ಚೀಟಿ ಅಕ್ಕ ಚಪ್ಪಾಳೆ ತಟ್ಟಿ ಕುಣಿದೇಬಿಟ್ಟಳು.

ಫೋಟೋವನ್ನು ಬೆಳಕಿಗೆ ಹಿಡಿದು ನೋಡಿದ ಹೊಸ ಗುಮಾಸ್ತರ ಮುಖ ಬಾಡಿತು. "ಆದ್ರೆ ಬಣ್ಣ ಎಲ್ಲಿ? ಕಣ್ಣು ಬಿಟ್ರೆ ರೆಪ್ಪೆ ಒಳಗೆ ಹೋಗ್ಬಿಡುತ್ತಲ್ಲ!"

"ಪಾಪ, ಇಷ್ಟೆಲ್ಲ ಒದ್ದಾಡಿ" ಎಂದರು ಮಾವ. "ಎಲ್ಲಿ ಅಮ್ಮ, ಒಂದ್ಸಲ ಕಣ್ಣು ಮುಚ್ಚು, ನಾವಾದ್ರೂ ಕಣ್ತುಂಬ ನೋಡ್ತೀವಿ."

ಇನ್ನು ಕೇಳಬೇಕೆ? ಹೊಗಳಿಸಿಕೊಳ್ಳುವ ಆಸೆ ಯಾರಿಗಿಲ್ಲ? ಅವಳು ಮುಖವೆತ್ತಿ, ನಗುನಗುತ್ತ, ನಿಧಾನವಾಗಿ ಕಣ್ಣು ಮುಚ್ಚಿದಳು. "ಆಹಾ!" ಎಂದರು ಎಲ್ಲರೂ. ಆ ಗದ್ದಲದಲ್ಲಿ ಸಣ್ಣಗೆ ಕ್ಲಿಕ್ ಎಂದದ್ದು ಅವಳಿಗೆ ಕೇಳಿಸಲಿಲ್ಲ. ಒಳಗೆ ಅವಳಿಗಾಗಿ ಇಪ್ಪತ್ತು ಸಾಮಾನು ಚೀಟಿಯಿಲ್ಲದೆ ಕಾದಿದ್ದವು. ಹಾಡು ಗುನುಗುತ್ತ ಹೋದಳು.

ಐದು ಗಂಟೆಗೆ ಸೂಪರಿಂಟೆಂಡೆಂಟರು ಕರೆಕಳಿಸಿದರು. ಕಚೇರಿಯ ಮುಂದೆ ಹೊಸ ಬೋರ್ಡು ನೇತುಹಾಕಿ ಮೂವರೂ ಸಾಲಾಗಿ ನಿಂತಿದ್ದರು, ಮದುವೆ ಮನೆಯವರ ಹಾಗೆ. ಚೀಟಿ ಅಕ್ಕ ಓಡಿಬಂದು ನೋಡಿದಳು. ಬೋರ್ಡಿನ ನಟ್ಟನಡುವೆ, ಎಲ್ಲರಿಗಿಂತ ದೊಡ್ಡದಾಗಿ ಅವಳ ಫೋಟೋ. ಬೆಳ್ಳಿ, ಬೂದು, ನೇರಳೆ ಹೊಳೆಯುವ ಎರಡು ರೆಪ್ಪೆ. ಮುಚ್ಚಿದ ಎರಡು ಕಣ್ಣು.

"ಎರಡು ಫೋಟೋ ಇತ್ತು" ಎಂದರು ಸೂಪರಿಂಟೆಂಡೆಂಟರು ಹೆಮ್ಮೆಯಿಂದ. "ನಾವೆಲ್ಲ ಸೇರಿ ಆರಿಸಿದ್ವಿ, ಒಮ್ಮತದ ತೀರ್ಮಾನ. ತೆರೆದ ಕಣ್ಣು ಎಲ್ಲರದ್ದೂ ಇದೆ, ಚೀಟಿ ಅಕ್ಕ. ಇಂಥ ಮುಚ್ಚಿದ ಕಣ್ಣು ಯಾರಿಗಿದೆ?"

"ಖರ್ಚು ನಮ್ಮದೇ" ಎಂದರು ಹೊಸ ಗುಮಾಸ್ತರು. "ದೊಡ್ಡ ಸೈಜಿಗೆ."

ಬಯ್ಯೋಣವೆಂದರೆ ಮೂರು ಮುಖಗಳಲ್ಲೂ ಅಷ್ಟು ಪ್ರೀತಿ. "ಮುಂದಿನ ಬೋರ್ಡು ಯಾವಾಗ ಸಾರ್?" ಎಂದಷ್ಟೇ ಕೇಳಿದಳು.

"ಗೊತ್ತಲ್ಲ, ಒಂಬತ್ತು ವರ್ಷಕ್ಕೊಮ್ಮೆ."

ಅವರು ಒಳಗೆ ಹೋದರು. ಚೀಟಿ ಅಕ್ಕ ಒಬ್ಬಳೇ ಬೋರ್ಡಿನ ಮುಂದೆ ನಿಂತಿದ್ದಾಗ, ಬಸ್ಸಿನಲ್ಲಿ ಕನ್ನಡಕ ಬಿಟ್ಟುಬಂದ ಒಬ್ಬ ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. ಯಾವುದೋ ಬಾಗಿಲೆಂದು ತಿಳಿದು ಬೋರ್ಡಿನ ಹತ್ತಿರ ಹೋಗಿ, ದೊಡ್ಡ ಫೋಟೋಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, ಲೊಚಗುಟ್ಟಿದಳು.

"ಪಾಪ, ಇನ್ನೂ ಚಿಕ್ಕ ವಯಸ್ಸು. ಯಾವಾಗ ಹೋದ್ರಮ್ಮ ಇವ್ರು?"

ಚೀಟಿ ಅಕ್ಕ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿಯೇ ಮುಂದುವರಿಸಿದಳು.

"ಇರ್ಲಿ ಬಿಡು, ಮುಖದಲ್ಲಿ ಎಷ್ಟು ನೆಮ್ಮದಿ ಇದೆ. ಕಣ್ಣಿಗೆ ಬಣ್ಣ ನೋಡು, ಬೆಳಗಿನ ಜಾವದ ಆಕಾಶ ಇದ್ದ ಹಾಗಿದೆ. ಎಲ್ಲೂ ಒಂದು ಗೆರೆ ಕಾಣಲ್ಲ. ಎಷ್ಟು ಚೆನ್ನಾಗಿ ಸಿಂಗಾರ ಮಾಡಿ ಕಳ್ಸಿದೀರಿ! ಯಾರು ಹಚ್ಚಿದ್ದು?"

ಬೆಳಗ್ಗೆಯಿಂದ ಇಷ್ಟು ಸರಿಯಾಗಿ ಯಾರೂ ನೋಡಿರಲಿಲ್ಲ. ಚೀಟಿ ಅಕ್ಕನ ಮುಖ ತನಗೇ ತಿಳಿಯದಂತೆ ಊರಗಲ ಅರಳಿತು.

"ನಾನೇ ಅಜ್ಜಿ! ನಾನೇ ಹಚ್ಚಿದ್ದು!"

ಅಜ್ಜಿ ತಡಕಾಡಿ ಅವಳ ಎರಡೂ ಕೈಯನ್ನು ಹಿಡಿದುಕೊಂಡಳು. "ಒಳ್ಳೇ ಕೈ ಕಣಮ್ಮ. ನಿನ್ನ ವಿಳಾಸ ಬರ್ಕೊಡು, ಮಗನ ಹತ್ರ ಹೇಳಿಟ್ಟಿರ್ತೀನಿ. ನನ್ನ ಸರದಿ ಬಂದಾಗ ನಂಗೂ ನೀನೇ ಬಂದು ಹಚ್ಬೇಕು."